ಕುಸುಮನ ಹಾಡಿಗೆ ಬರೆದ ಕಾರಣ

ಏಪ್ರಿಲ್ 3, 2006, ಸೋಮವಾರ

ಶುಕ್ರವಾರ ಕಲ್ಲು ಬಿದ್ದು ಒಡೆದ ಕಿಟಕಿಗೆ ಇವತ್ತು ಹೊಸ ಗಾಜು ಹಾಕಿದರು. ನಾನು ವಾರ್ತೆ ಓದುವ ಮೇಜಿನ ಮೇಲೆ ಇನ್ನೂ ಚೂರುಗಳಿದ್ದವು. ಒಂದು ಬೆರಳಿಗೆ ಹೊಕ್ಕಿತು. ಅವತ್ತು ಮಧ್ಯಾಹ್ನ ನಮ್ಮ ಟೀವಿಯಲ್ಲಿ ಒಂದು ಸಿನಿಮಾ ಹಾಡು ಹಾಕಿದ್ದಕ್ಕೆ ಇಷ್ಟೆಲ್ಲ. ಊಟಕ್ಕೆ ಕೂತ ಮನೆಮಂದಿಯೆದುರು ಅಂಥ ಕುಣಿತ ಯಾಕೆ ತೋರಿಸಿದಿರಿ ಎಂದು ಹತ್ತಿಪ್ಪತ್ತು ಜನ ಬೈಂದೂರು ಬಸ್ ನಿಲ್ದಾಣದ ಕಡೆಯಿಂದ ಕೂಗುತ್ತ ಬಂದು ನಮ್ಮ ಮೆಟ್ಟಿಲು ಹತ್ತಿದ್ದರು.

ರತ್ನಾಕರಣ್ಣ ಇವತ್ತು ಕರೆದು ಹೊಸ ಕೆಲಸ ಹೇಳಿದರು. ಈ ಕೇಬಲ್ ಚಾನೆಲ್ಲಿನ ಯಜಮಾನರು ಅವರು. ಮೂರು ವರ್ಷದ ಹಿಂದೆ ನಾನು ಕಲಿಸುತ್ತಿದ್ದ ಶಾಲೆ ಮುಚ್ಚಿದಾಗ ಕರೆದು ಮೈಕಿನೆದುರು ಕೂರಿಸಿದವರು. ಸಂಜೆ ಏಳಕ್ಕೆ ಊರ ವಾರ್ತೆ, ಆಮೇಲೆ ಫೋನ್ ಮಾಡಿದವರು ಕೇಳಿದ ಹಾಡು: ಇಷ್ಟೇ ನನ್ನ ಕೆಲಸವಾಗಿತ್ತು.

"ಕಾಣ್ ಶ್ರೀಲತಾ, ಇನ್ನ್ ಮೇಲೆ ಯಾವ ವಿಡಿಯೋ ಹಾಡಾದ್ರೂ ನೀನ್ ಕಾಣ್ದೆ ಹೆರ್ಗೆ ಹೋಪುಕಾಗ. ನೀ ಟೀಚರ್ ಆಯ್ದ್ದವ್ಳ್. ಯಾವ್ದ್ ಸಮ, ಯಾವ್ದ್ ಸಮ ಅಲ್ಲ ಅಂದ್ ನಿಂಗೆ ಗೊತ್ತಾತ್ತ್."

ಕೇಬಲ್ ಕಾಯ್ದೆಯ ನಿಯಮಗಳ ಐದು ಪುಟ ಜೆರಾಕ್ಸ್ ಕೈಗೆ ಕೊಟ್ಟರು. ಅಶ್ಲೀಲ, ಮಾನಹಾನಿ, ಧರ್ಮನಿಂದೆ, ಹಿಂಸೆಗೆ ಪ್ರಚೋದನೆ. ಪಟ್ಟಿ ಉದ್ದವಿದೆ. ಓದುತ್ತ ಹೋದರೆ ನಮ್ಮ ವಾರ್ತೆಯನ್ನೂ ನಿಲ್ಲಿಸಬಹುದು ಅನಿಸಿತು.

ಏಪ್ರಿಲ್ 7, ಶುಕ್ರವಾರ

ಈ ವಾರ ಮೂವತ್ತೊಂದು ಹಾಡು ನೋಡಿದೆ. ನಿಲ್ಲಿಸಿದ್ದು ಎರಡೇ. ಒಂದರಲ್ಲಿ ಒಲ್ಲೆನೆಂದ ಹುಡುಗಿಯ ಕೆನ್ನೆಗೆ ಹೊಡೆದು ಪ್ರೀತಿ ಮಾಡಿಸುತ್ತಾನೆ. ಅದನ್ನು ನಿಲ್ಲಿಸಿದ್ದಕ್ಕೆ ರತ್ನಾಕರಣ್ಣನಿಗೆ ಆಶ್ಚರ್ಯ. ಅವರು ನಿಲ್ಲಿಸಬೇಕೆಂದದ್ದು ಬೈಕಿನ ಮೇಲೆ ಗಂಡಹೆಂಡತಿ ತಬ್ಬಿ ಕೂತ ಹಾಡನ್ನು. ಅರ್ಧ ಗಂಟೆ ವಾದವಾಯಿತು. ಗಂಡನ ಸೊಂಟ ಹಿಡಿಯದೆ ಬೈಕಿನಿಂದ ಬಿದ್ದು ಸಾಯಬೇಕೇ ಎಂದು ಕೇಳಿದೆ. ನಕ್ಕುಬಿಟ್ಟರು. ಬೈಕ್ ಹಾಡು ಸಂಜೆ ಹೋಯಿತು.

ಊರವರ ಕಣ್ಣಿಗೆ ಬಟ್ಟೆ ಕಟ್ಟುವ ಈ ಕೆಲಸ ನನಗೆ ಹಿಡಿಸುವುದಿಲ್ಲ. ಮಳೆಗಾಲದವರೆಗೆ ಮಾಡಿ ಬಿಟ್ಟುಬಿಡುತ್ತೇನೆ.

ಏಪ್ರಿಲ್ 12, ಬುಧವಾರ

ಕುಸುಮ ಬಂದಿದ್ದಳು. ಇದೇ ಮೊದಲ ಸಲ ನಮ್ಮ ಆಫೀಸಿಗೆ. ಚಪ್ಪಲಿಯನ್ನು ಕೆಳಗೆ ಮೆಟ್ಟಿಲ ಹತ್ತಿರವೇ ಬಿಟ್ಟು ಬರಿಗಾಲಲ್ಲಿ ಹತ್ತಿಬಂದಳು. ಜೊತೆಗೆ ಮುತ್ತಣ್ಣ. ಅರವತ್ತು ದಾಟಿದ ಮುತ್ತಣ್ಣ ಈಗ ಬಲೆ ಕಟ್ಟುವುದು ಬಿಟ್ಟರೆ ಸಮುದ್ರಕ್ಕೆ ಹೋಗುವುದಿಲ್ಲ. ಉಪ್ಪುಂದದ ಕಡಲ ಬದಿಯಲ್ಲಿ ಅವರು ಹಾಡುವ ಪದ ಕೇಳದವರಿಲ್ಲ. ಅವರ ಕೈಯಲ್ಲಿ ಒಂದು ಸಿ.ಡಿ.

ಕಳೆದ ವರ್ಷ ಮೇ ಇಪ್ಪತ್ತಾರಕ್ಕೆ ಗಂಗೊಳ್ಳಿಯಿಂದ ಹೋದ ಬೋಟು ತಿರುಗಿ ಬರಲಿಲ್ಲ. ಐದು ಜನ. ಎರಡು ಹೆಣ ಮಾತ್ರ ದಡಕ್ಕೆ ಬಂದವು. ಕುಸುಮನ ಗಂಡ ಯತೀಶ ಸಿಗಲೇ ಇಲ್ಲ. ಗಾಳಿ ಬರುತ್ತದೆಂಬ ಎಚ್ಚರಿಕೆ ಹಿಂದಿನ ದಿನವೇ ಬಂದಿತ್ತು. ಬೋಟಿನ ವೈರ್‌ಲೆಸ್ ಕೆಟ್ಟಿತ್ತು. ಹೋಗುವುದಿಲ್ಲ ಎಂದವರಿಗೆ ಬೋಟಿನ ಧಣಿ ಕುಷ್ಟಣ್ಣ, ಹಾಗಾದರೆ ನಾಳೆಯಿಂದ ಬರುವುದೇ ಬೇಡ ಎಂದರು. ಇದು ಕಡಲ ಬದಿಯಲ್ಲಿ ಎಲ್ಲರಿಗೂ ಗೊತ್ತು. ಎಲ್ಲಿಯೂ ಬರೆದಿಲ್ಲ. ಆ ಐವರ ಮೇಲೆ ಮುತ್ತಣ್ಣ ಹಾಡು ಕಟ್ಟಿದ್ದಾರೆ. ಮದುವೆ ವಿಡಿಯೋ ತೆಗೆಯುವ ಶೈಲೇಶ ಅದಕ್ಕೆ ಚಿತ್ರ ಮಾಡಿಕೊಟ್ಟಿದ್ದಾನೆ.

ಮೂವರೂ ಕೂತು ನೋಡಿದೆವು. ಸಮುದ್ರ, ಮಗುಚಿಟ್ಟ ದೋಣಿ, ಮುತ್ತಣ್ಣನ ಒಡಕು ಗಂಟಲು. ಒಬ್ಬೊಬ್ಬರ ಹೆಸರು ಹೇಳಿ ಕರೆಯುತ್ತಾರೆ. ಕೊನೆಗೆ, "ಗಾಳಿ ಬಪ್ಪುದ್ ಗೊತ್ತಿದ್ದಿತ್ತ್, ಬಾಯ್ ಬಿಟ್ಟ್ ಹೇಳ್ ಧಣಿಯೇ". ಧಣಿಯ ಹೆಸರಿಲ್ಲ, ಊರಿಲ್ಲ. ಆಗ ಕುಸುಮ ಕಾಣುತ್ತಾಳೆ. ಮೊಣಕಾಲು ನೀರಲ್ಲಿ ನಿಲ್ಲು ಎಂದಷ್ಟೇ ಶೈಲೇಶ ಹೇಳಿದ್ದನಂತೆ. ದೊಡ್ಡ ತೆರೆಯೊಂದು ಬಂದು ಅವಳನ್ನು ಬೀಳಿಸಿತು. ಎದ್ದಳು. ಎದ್ದು ಏನೋ ಕೂಗಿದಳು, ಹಾಡಿನಲ್ಲಿ ಅದು ಕೇಳುವುದಿಲ್ಲ. ಆ ಮುಖವನ್ನು ನಾನು ಯಾವತ್ತೂ ಕಂಡಿರಲಿಲ್ಲ. ಏಳನೇ ತರಗತಿಯವರೆಗೆ ಒಂದೇ ಬೆಂಚಿನಲ್ಲಿ ಕೂತವಳು. ಯತೀಶ ಮುಂಬೈ ಹೋಟೆಲಿನಲ್ಲಿದ್ದಾಗ ಇವಳ ಪರವಾಗಿ ಕಾಗದ ಬರೆದುಕೊಟ್ಟವಳೇ ನಾನು.

ನನಗೆ ಅಳು ತಡೆಯಲಿಲ್ಲ. ಕುಸುಮ ನನ್ನನ್ನೇ ಸಮಾಧಾನ ಮಾಡಿದಳು.

"ಅವ್ರ ಒಂದ್ ಫೋಟೋ ಸಹ ಸಮ ಇಲ್ಲೆ ಲತಾ, ಹೆಣವೂ ಸಿಕ್ಲಿಲ್ಲೆ. ಹೆಸ್ರಾದ್ರೂ ಟೀವಿಯಗೆ ಬರ್ಲಿ. ಪ್ರೇಕ್ಷಾ ಕಾಣ್ಲಿ."

ಪ್ರೇಕ್ಷಾ ಅವಳ ಮಗಳು, ಏಳು ವರ್ಷ. 'ಪ್ರಸಾರಕ್ಕೆ ಯೋಗ್ಯ' ಎಂದು ಬರೆದು ಸಹಿ ಹಾಕಿದೆ. ಇಷ್ಟು ಸಂತೋಷದಿಂದ ಈ ಕೆಲಸದಲ್ಲಿ ಸಹಿ ಹಾಕಿದ್ದು ಇದೇ ಮೊದಲು.

ಏಪ್ರಿಲ್ 14, ಶುಕ್ರವಾರ

ಹಾಡು ಹೋಯಿತು. ಫೋನ್ ಇಡಲು ಬಿಡಲಿಲ್ಲ ಜನ. ಶಿರೂರಿನಿಂದ, ನಾವುಂದದಿಂದ, ಹೆಮ್ಮಾಡಿಯಿಂದ. ಒಬ್ಬ ಹೆಂಗಸು ಇನ್ನೊಮ್ಮೆ ಹಾಕಿ ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಮನೆಗೆ ಬಂದರೆ ನನ್ನ ಹೆತ್ತ ಅಬ್ಬಿ ಟೀವಿ ಎದುರು ಕಣ್ಣು ಒರೆಸಿಕೊಳ್ಳುತ್ತ ಕೂತಿದ್ದಳು. "ಪಾಪದ್ ಹೆಣ್ಣ್" ಎಂದಳು. ನಾಳೆ ಮತ್ತೆ ಹಾಕುತ್ತೇನೆ.

ಏಪ್ರಿಲ್ 15, ಶನಿವಾರ

ಹಾಕಲಿಲ್ಲ.

ಹತ್ತು ಗಂಟೆಗೆ ಕುಷ್ಟಣ್ಣ ಬಂದರು. ಕೂಗಾಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಚಾ ಕುಡಿದರು. ಅವರ ಐಸ್ ಪ್ಲಾಂಟಿನ ಜಾಹೀರಾತು ದಿನಕ್ಕೆ ಹನ್ನೆರಡು ಸಲ ನಮ್ಮಲ್ಲಿ ಬರುತ್ತದೆ. ಬಂದರಿನಲ್ಲಿ ಕೇಬಲ್ ಎಳೆಯಲು ಕಂಬ ಕೊಟ್ಟವರೂ ಅವರೇ.

"ಹಾಡ್ ಲಾಯ್ಕಿತ್ತ್ ರತ್ನಾಕರ. ನಾ ಇಲ್ಲೆ ಅಂಬ್ದಿಲ್ಲೆ. ಆರೆ ಸತ್ತವ್ರ್ ಹೆಸ್ರ್ ಹೇಳಿ ಬದ್ಕಿದ್ದವ್ರ್ ಮರ್ಯಾದಿ ತೆಗುದ್ ಎಂತಕ್ಕೆ?"

"ಅದ್ರಗೆ ನಿಮ್ಮ ಹೆಸ್ರ್ ಇಲ್ಲೆ ಅಲ್ದಾ?" ಎಂದೆ ನಾನು.

ಅವರು ನನ್ನ ಕಡೆ ತಿರುಗಿ ನಕ್ಕರು. "ಇಲ್ಲೆ. ಆರೆ ನೀ ಈಗ ನಂಗೇ ಕೇಂಡೆ ಅಲ್ದಾ?"

ಅವರು ಹೋದ ಮೇಲೆ ರತ್ನಾಕರಣ್ಣನ ಹತ್ತಿರ ಎಷ್ಟು ವಾದಿಸಿದೆ! ಸತ್ತವರ ಹೆಸರು ಹೇಳುವುದು ಯಾವ ನಿಯಮಕ್ಕೆ ವಿರುದ್ಧ ಎಂದೆ. ಅವರು ಕಿಟಕಿಯ ಹೊಸ ಗಾಜನ್ನು ತೋರಿಸಿದರು. "ಆ ಜನ ಕಲ್ಲ್ ಹೊಡ್ದ್ ಹೋದ್ರ್. ಇವ್ರ್ ಕಲ್ಲ್ ಹೊಡಿತ್ರಿಲ್ಲೆ. ಚಾನೆಲ್ಲೇ ಇರುದಿಲ್ಲ."

ರಾಜೀನಾಮೆ ಬರೆಯಲು ಕೂತೆ. ಅಬ್ಬಿಗೆ ಮೊಣಕಾಲು ನೋವು, ಈ ವರ್ಷ ದುಡಿಯಲು ಹೊರಗೆ ಹೋಗುವುದೇ ಕಷ್ಟ. ಹಾಳೆ ಮಡಿಸಿ ಇಟ್ಟೆ.

ಏಪ್ರಿಲ್ 19, ಬುಧವಾರ

ಮುತ್ತಣ್ಣ ನಾಲ್ಕನೇ ಸಲ ಬಂದರು. ಹಾಡು ಯಾಕೆ ನಿಲ್ಲಿಸಿದಿರಿ ಎಂಬುದನ್ನು ಬರೆದು ಕೊಡಿ ಎಂದು ಹಟ. "ಬಾಯ್ ಮಾತ್ ಬೇಡ ಟೀಚರೇ. ಕಾಗ್ದ ಕೊಡಿ. ಮೀನ್ಗಾರ್ರ್ ಸಂಘದಗೆ ಇಡ್ತೆ."

ರತ್ನಾಕರಣ್ಣ ನನ್ನನ್ನು ಒಳಗೆ ಕರೆದರು. ಕುಷ್ಟಣ್ಣನ ಹೆಸರು, ಬೋಟಿನ ವಿಷಯ ಕಾಗದದಲ್ಲಿ ಬರಬಾರದು. ನಿಯಮ ಹೇಳಿ ಬರೆ, ನಿನ್ನ ಕನ್ನಡ ಲಾಯ್ಕಿದೆ ಎಂದರು. ನಾನು ಆಗುವುದಿಲ್ಲ ಎಂದೆ. ಹಾಗಾದರೆ ಸಹಿ ಹಾಕಿ ಪ್ರಸಾರ ಮಾಡಿಸಿದವಳು ನೀನೇ ಎಂದು ನಾನು ಬರೆಯಬೇಕಾಗುತ್ತದೆ ಎಂದರು. ಬೆದರಿಕೆಯ ದನಿಯಲ್ಲಲ್ಲ, ಬೇಸರದಿಂದ.

ಮಧ್ಯಾಹ್ನವಿಡೀ ಆ ಐದು ಪುಟ ತಿರುವಿ ಹಾಕಿದೆ. ಮಾನಹಾನಿ ಎನ್ನಬೇಕಾದರೆ ಯಾರ ಮಾನ ಎಂದು ಹೇಳಬೇಕು. ಪ್ರಚೋದನೆ ಎನ್ನಬೇಕಾದರೆ ಯಾರ ವಿರುದ್ಧ ಎಂದು ಹೇಳಬೇಕು. ಯಾವ ಬಾಗಿಲು ತೆರೆದರೂ ಹಿಂದೆ ಕುಷ್ಟಣ್ಣ. ಅವರಿಲ್ಲದ ಒಂದೇ ಉಪನಿಯಮ ಉಳಿಯಿತು. ಬರೆದದ್ದನ್ನು ಇಲ್ಲಿ ಇಳಿಸಿಕೊಳ್ಳುತ್ತೇನೆ:

'ಸದರಿ ದೃಶ್ಯಗೀತೆಯಲ್ಲಿ ಮಹಿಳೆಯೊಬ್ಬರು ಒದ್ದೆ ಬಟ್ಟೆಯಲ್ಲಿ ಕಾಣಿಸಿಕೊಂಡಿದ್ದು, ದೇಹಪ್ರದರ್ಶನವು ಅಶ್ಲೀಲತೆಯ ವ್ಯಾಪ್ತಿಗೆ ಬರುವುದರಿಂದ ಮರುಪ್ರಸಾರಕ್ಕೆ ಯೋಗ್ಯವಲ್ಲವೆಂದು ತೀರ್ಮಾನಿಸಲಾಗಿದೆ.'

ಹೆಸರು ಹಾಕಲಿಲ್ಲ. 'ಮಹಿಳೆಯೊಬ್ಬರು' ಎಂದು ಗೌರವದಿಂದಲೇ ಬರೆದಿದ್ದೇನೆ. ಸಂಘದ ಫೈಲಿನಲ್ಲಿ ಬಿದ್ದಿರುವ ಕಾಗದ, ಯಾರು ಓದುತ್ತಾರೆ? ಎರಡನೇ ಸಲ ಓದಿದಾಗ ವಾಕ್ಯ ಚೆನ್ನಾಗಿದೆ ಅನಿಸಿತು. ಎಲ್ಲಿಯೂ ತೊಡಕಿಲ್ಲ.

ಏಪ್ರಿಲ್ 20, ಗುರುವಾರ

ಪತ್ರ ಕೊಟ್ಟಾಯಿತು. ತಲೆನೋವು.

ಏಪ್ರಿಲ್ 26, ಬುಧವಾರ

ಮನೆಗೆ ಬಂದರೆ ಅಬ್ಬಿ ದೀಪವನ್ನೂ ಹಚ್ಚದೆ ಜಗಲಿಯಲ್ಲಿ ಕೂತಿದ್ದಳು.

"ಕುಸುಮನ್ ಹಾಡಿಗೆ ಎಂತ ಬರ್ದೆ ಹೆಣ್ಣೇ ನೀನ್?"

"ಆಫೀಸಿನ ಕಾಗ್ದ ಅಬ್ಬಿ, ನಿಂಗೆ ಅರ್ಥ ಆತಿಲ್ಲೆ."

"ಮುತ್ತನಿಗೂ ಆಯಿಲ್ಲೆ. ಅವ್ನಿಗ್ ಓದುಕ್ ಬತ್ತಾ? ಹೋಟ್ಲಗೆ ಕೊಟ್ಟ್ ಓದ್ಸ್ದ. ಚಾ ಕುಡುಕ್ ಕೂಕಂಡ ಅಷ್ಟೂ ಗಂಡ್ಸ್ರ್ ಎದ್ರಗೆ. ಕುಸುಮ ಮೈ ತೋರ್ಸಿತ್ತಂಬ್ರ್, ಅದ್ಕೆ ಬಂದ್ ಮಾಡ್ರಂಬ್ರ್."

ನಾನು ಹಾಗೆ ಬರೆದಿಲ್ಲ ಎಂದೆ. ಹಾಗಾದರೆ ಹೇಗೆ ಬರೆದೆ ಹೇಳು ಎಂದಳು. ವ್ಯಾಪ್ತಿ, ದೃಶ್ಯಗೀತೆ, ಸದರಿ — ಈ ಶಬ್ದಗಳನ್ನು ಅಬ್ಬಿಗೆ ಹೇಳಹೊರಟರೆ ಉಳಿಯುವುದು ಹೋಟ್ಲಿನವರು ಹೇಳಿದ್ದೇ. ಅಬ್ಬಿ ಉಣ್ಣದೆ ಮಲಗಿದಳು.

ಮುತ್ತಣ್ಣ ಯಾಕೆ ಹೋಟ್ಲಲ್ಲಿ ಓದಿಸಬೇಕಿತ್ತು? ನನ್ನ ಹತ್ತಿರವೇ ಓದಿಸಬಹುದಿತ್ತಲ್ಲ. ನಾಳೆ ಕುಸುಮನ ಮನೆಗೆ ಹೋಗಿ ಎಲ್ಲ ಹೇಳುತ್ತೇನೆ.

ಮೇ 3, ಬುಧವಾರ

ಕುಸುಮನ ಮನೆಗೆ ಹೋಗಲು ಆಗಲಿಲ್ಲ. ಕೆಲಸ.

ಮಾರಾಟವಾಗದೆ ಶೈಲೇಶನ ಸ್ಟುಡಿಯೋದಲ್ಲಿ ಬಿದ್ದಿದ್ದ ನೂರು ಸಿ.ಡಿ. ಎರಡು ದಿನದಲ್ಲಿ ಖಾಲಿಯಾಯಿತಂತೆ. ಈಗ ಬಸ್ ನಿಲ್ದಾಣದ ಗೂಡಂಗಡಿಗಳಲ್ಲಿ ಅದರ ನಕಲು. ಮುತ್ತಣ್ಣನ ಹೆಸರಿಲ್ಲ, ಸತ್ತವರ ಹೆಸರಿಲ್ಲ. ರಟ್ಟಿನ ಮೇಲೆ ಕೆಂಪು ಅಕ್ಷರದಲ್ಲಿ 'ಟೀವಿಯಲ್ಲಿ ನಿಷೇಧಿಸಿದ ಹಾಡು' ಎಂದಷ್ಟೇ ಇದೆ. ಕೊಳ್ಳುವವರು ಹಾಡು ಕೇಳುವುದಿಲ್ಲ, ನೇರ ಕುಸುಮ ಬಿದ್ದೇಳುವ ಜಾಗಕ್ಕೆ ಓಡಿಸಿ ನಿಲ್ಲಿಸುತ್ತಾರಂತೆ. ಅಂಗಡಿಯವರಿಗೆ ಹೀಗೆಲ್ಲ ಮಾರಬೇಡಿ ಎಂದು ಹೇಳಲು ರತ್ನಾಕರಣ್ಣನಿಗೆ ಹೇಳಿದೆ. ಅದು ನಮ್ಮ ಕೆಲಸವಲ್ಲವಲ್ಲ ಎಂದರು. ನಿಜವೇ.

ನನಗೆ ಬೇರೆ ಮೇಜು ಹಾಕಿಕೊಟ್ಟಿದ್ದಾರೆ, ಫ್ಯಾನಿನ ಕೆಳಗೆ. ಹಲಗೆಯ ಮೇಲೆ 'ಶ್ರೀಲತಾ, ಕಾರ್ಯಕ್ರಮ ಅಧಿಕಾರಿ'. ಈ ವಾರ ಹದಿನಾಲ್ಕು ಹಾಡು ನಿಲ್ಲಿಸಿದೆ. ಮೊದಲು ಒಂದು ಹಾಡಿಗೆ ಅರ್ಧ ಗಂಟೆ ಬೇಕಿತ್ತು, ಈಗ ಎರಡು ನಿಮಿಷ ನೋಡಿದರೆ ತಿಳಿಯುತ್ತದೆ. ಬ್ರಹ್ಮಾವರದವರೊಬ್ಬರು ಮಾಡಿದ ಜೋಗುಳದ ವಿಡಿಯೋದಲ್ಲಿ ತಾಯಿ ಮಗುವಿಗೆ ಹಾಲೂಡುವುದಿತ್ತು. ನಿಲ್ಲಿಸಿದೆ. "ಅದ್ರಗ್ ಎಂತ ಇತ್ತ್ ಮಾರಾಯ್ತಿ? ಸೆರಗ್ ಮುಚ್ಚಿತ್ತಲೆ?" ಎಂದರು ರತ್ನಾಕರಣ್ಣ. ಮುಚ್ಚಿದೆ, ಆದರೆ ನೋಡುವವರ ಕಣ್ಣನ್ನು ನಾವು ಮುಚ್ಚಲು ಆಗುವುದಿಲ್ಲ ಎಂದೆ. ಅವರು ವಾದಿಸಲಿಲ್ಲ.

ಮೇ 10, ಬುಧವಾರ

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಕುಸುಮ ಬಂದಳು. ಬಿಸಿಲಲ್ಲಿ ಉಪ್ಪುಂದದಿಂದ ನಡೆದೇ ಬಂದಿದ್ದಳು. ಬಸ್ಸಲ್ಲಿ ಕೂತರೆ ಹಿಂದಿನಿಂದ ಆ ಹಾಡು ಗುನುಗುತ್ತಾರಂತೆ. ಸಿಗಡಿ ಸುಲಿಯುವ ಶೆಡ್ಡಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಹೆಂಗಸರು ಈಗ ಜಾಗ ಬಿಟ್ಟು ಕೂರುತ್ತಾರಂತೆ. ಇದನ್ನೆಲ್ಲ ಅವಳು ಯಾರದ್ದೋ ವಿಷಯ ಹೇಳಿದ ಹಾಗೆ ಹೇಳಿದಳು. ನೀರು ಕೊಟ್ಟೆ. ಮುಟ್ಟಲಿಲ್ಲ.

"ಎಲ್ಲಿತ್ತ್ ಅದ್? ತೋರ್ಸ್ ಕಾಂಬ."

"ಎಂತದ್?"

"ನೀ ಬರ್ದದ್ದ್."

ಬೇಡ ಎಂದರೂ ಕೇಳಲಿಲ್ಲ. ಸಿ.ಡಿ. ಹಾಕಿದೆ. ತೆರೆ ಬಂತು, ಅವಳು ಬಿದ್ದಳು, ಎದ್ದಳು. ಮತ್ತೊಮ್ಮೆ ಹಾಕಿಸಿದಳು. ಮೂರನೇ ಸಲ ನಿಲ್ಲಿಸು ಎಂದಳು. ಪರದೆಯ ಹತ್ತಿರ ಹೋಗಿ ತನ್ನದೇ ಮುಖದ ಮೇಲೆ ಬೆರಳಿಟ್ಟಳು.

"ಇಲ್ಲಿಯಾ?"

ಬೆರಳನ್ನು ಆ ಬಾಯಿಯ ಮೇಲೆ ಸರಿಸಿದಳು.

"ಇಲ್ಲಿ ನಾನ್ ಅವ್ರ್ ಹೆಸ್ರ್ ಕರೂದ್ ಲತಾ. ಮದಿ ಆದ್ ಮೇಲೆ ಒಂದ್ ದಿನ ಸಹ ಅವ್ರ್ ಹೆಸ್ರ್ ನನ್ ಬಾಯಗೆ ಬರ್ಲಿಲ್ಲೆ. ಹೇಳುಕಾಗ ಅಂಬ್ರಲೆ. ಅವತ್ತ್ ಒಂದೇ ಸಲ ಕೂಗಿ ಕರ್ದದ್ದ್. ಬತ್ರಾ ಅಂದ್ ಕಂಡದ್ದ್."

ನಾನೂ ಆ ಮುಖವನ್ನೇ ನೋಡಲು ಪ್ರಯತ್ನಿಸಿದೆ. ಸುಳ್ಳು ಬರೆದುಕೊಳ್ಳುವುದಿಲ್ಲ, ನನ್ನ ಕಣ್ಣು ಸೀರೆಗೇ ಹೋಯಿತು. ಸೀರೆ ಮೈಗೆ ಅಂಟಿದೆ. ಭುಜದಿಂದ ಸೊಂಟದವರೆಗೆ ಎಲ್ಲ ಕಾಣುತ್ತದೆ. ಏಪ್ರಿಲಿನಲ್ಲಿ ಇದು ನನಗೆ ಹೇಗೆ ಕಾಣದೇ ಹೋಯಿತು? ಆಗ ಅಳುತ್ತಿದ್ದೆ, ಸರಿಯಾಗಿ ನೋಡಿರಲಿಲ್ಲ. ಪರದೆಯ ಮುಂದೆ ನಿಂತ ಅವಳಿಗೆ ಹೇಳಿದೆ: ದುಃಖ ಎಲ್ಲರಿಗೂ ಇರುತ್ತದೆ ಕುಸುಮ, ಆದರೂ ನೀನು ಸ್ವಲ್ಪ ಜಾಗ್ರತೆ ಮಾಡಬೇಕಿತ್ತು.

ಅವಳು ಪರದೆ ಬಿಟ್ಟು ನನ್ನ ಕಡೆ ತಿರುಗಿದಳು.

"ಕಾಗ್ದ ವಾಪಾಸ್ ತಕೋ. ಹಾಡ್ ಹಾಕ್ಬೇಡ, ಅಡ್ಡಿ ಇಲ್ಲೆ. ಧಣಿಗ್ ಹೆದ್ರಿ ನಿಲ್ಸಿದ್ದ್ ಅಂದ್ ಬರಿ. ಇಲ್ದಿರೆ ಎಂತ ಬರೀಬೇಡ. ಅದೊಂದ್ ಮಾತ್ ತೆಗಿ."

ಪತ್ರಕ್ಕೆ ನಂಬರು ಬಿದ್ದಿದೆ, ತೆಗೆಯಲು ಬರುವುದಿಲ್ಲ ಎಂದೆ. ಅದು ನಿಜ. ನಮ್ಮಲ್ಲಿ ಈಗ ಎಲ್ಲ ಪತ್ರಕ್ಕೂ ನಂಬರು ಹಾಕುತ್ತೇವೆ. ನಾನೇ ಶುರು ಮಾಡಿದ ಪದ್ಧತಿ.

"ಅವ್ರಿಗ್ ಕಾಗ್ದ ಬರ್ದ್ ಕೊಡುವತಿಗೆ ನೀ ಎಷ್ಟ್ ಲಾಯ್ಕ್ ಬರೀತಿದ್ದೆ" ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು. ಹೊಗಳಿದಳೋ ಬೈದಳೋ ತಿಳಿಯಲಿಲ್ಲ. ಸಂಜೆಯ ವಾರ್ತೆಯಲ್ಲಿ ಎರಡು ಕಡೆ ತಪ್ಪು ಓದಿದೆ.

ಮೇ 12, ಶುಕ್ರವಾರ

ಅಬ್ಬಿ ನನ್ನ ಹತ್ತಿರ ಬೇಕಾದಷ್ಟೇ ಮಾತಾಡುತ್ತಾಳೆ. ನಾನು ವಾರ್ತೆ ಓದುವ ಹೊತ್ತಿಗೆ ಟೀವಿ ಬಂದ್ ಮಾಡುತ್ತಾಳೆಂದು ಪಕ್ಕದ ಮನೆಯ ಬಾಗಿ ಹೇಳಿದಳು.

ಮೇ 19, ಶುಕ್ರವಾರ

ಮುತ್ತಣ್ಣ ಬಂದರು. ಒಂದೇ ತಿಂಗಳಲ್ಲಿ ಬೆನ್ನು ಬಾಗಿದ ಹಾಗೆ ಕಂಡಿತು. ಹೋಟ್ಲಲ್ಲಿ ಓದಿಸಿದ್ದು ತನ್ನದೇ ತಪ್ಪು ಎಂದು ಕುಸುಮನ ಕಾಲು ಹಿಡಿದರಂತೆ. ಹೊಸ ಸಿ.ಡಿ. ಕೊಟ್ಟರು. ಕುಸುಮ ಇರುವ ಜಾಗವನ್ನೆಲ್ಲ ಶೈಲೇಶ ತೆಗೆದಿದ್ದಾನೆ. ಧಣಿಯ ಸಾಲೂ ಇಲ್ಲ. ಐವರ ಹೆಸರಿನ ಸಾಲೂ ಇಲ್ಲ, ಹೆಸರು ಬಂದರೆ ಧಣಿಯ ನೆನಪು ಬರುತ್ತದೆಂದು ಕುಷ್ಟಣ್ಣನ ಕಡೆಯವರು ಹೇಳಿದರಂತೆ. ಆ ಜಾಗದಲ್ಲಿ ಸೂರ್ಯ ಮುಳುಗುವುದು, ಹಕ್ಕಿ ಹಾರುವುದು. ಶುರುವಿಗೆ ಅವರ ಐಸ್ ಪ್ಲಾಂಟಿನ ಹೆಸರಲ್ಲಿ 'ಅಗಲಿದ ಕಡಲ ಮಕ್ಕಳಿಗೆ ಶ್ರದ್ಧಾಂಜಲಿ'.

"ಹಾಡಾದ್ರೂ ಉಳೀಲಿ ಟೀಚರೇ" ಎಂದರು ಮುತ್ತಣ್ಣ, ನನ್ನ ಮುಖ ನೋಡದೆ.

ಪೂರ್ತಿ ನೋಡಿದೆ. ಯಾವ ನಿಯಮಕ್ಕೂ ತಾಗುವುದಿಲ್ಲ. ಮೊದಲಿಗಿಂತ ಚೊಕ್ಕವಾಗಿದೆ ಎಂದು ಹೇಳಿದೆ. ಸಹಿ ಹಾಕಿ, ಸತ್ತವರ ವರ್ಷಾಂತದ ದಿನ, ಮೇ ಇಪ್ಪತ್ತಾರರ ಸಂಜೆ, ವಾರ್ತೆಯ ನಂತರ ಎಂದು ಬರೆದೆ.

ಮೇ 26, ಶುಕ್ರವಾರ

ಈ ದಿನ ಕುಸುಮನ ಮನೆಗೆ ಹೋಗಲೇಬೇಕೆಂದು ವಾರ್ತೆಯನ್ನು ಮೊದಲೇ ರೆಕಾರ್ಡ್ ಮಾಡಿಟ್ಟು ಏಳರ ಬಸ್ಸು ಹಿಡಿದೆ. ಹಾಡನ್ನು ಅವಳ ಜೊತೆ ಕೂತು ನೋಡಿದರೆ ಮನಸ್ಸು ಸರಿಹೋಗುತ್ತದೆ ಅಂದುಕೊಂಡಿದ್ದೆ. ಬಾಳೆಹಣ್ಣು, ಪ್ರೇಕ್ಷಾಳಿಗೆ ಬಿಸ್ಕೀಟು ತೆಗೆದುಕೊಂಡಿದ್ದೆ.

ಮನೆಯಲ್ಲಿ ಅವಳ ಅತ್ತೆ ಬೆಳ್ಳಿಯಮ್ಮ ಒಬ್ಬರೇ ಇದ್ದರು. ಯತೀಶನಿಗೆಂದು ಎಲೆಯಲ್ಲಿ ಬಡಿಸಿಟ್ಟು ಮುಂದೆ ಕೂತಿದ್ದರು. ಕುಸುಮ ಎಲ್ಲಿ ಎಂದು ಕೇಳಿದೆ. ಕೂತುಕೋ ಎಂದು ಕೈಸನ್ನೆ ಮಾಡಿದರು. ಅಷ್ಟರಲ್ಲಿ ಹಾಡು ಶುರುವಾಯಿತು. ಮುದುಕಿ ಟೀವಿಯ ಹತ್ತಿರಕ್ಕೆ ಸರಿದು ಕಿವಿ ಕೊಟ್ಟು ಕೇಳಿದರು. ಸೂರ್ಯ ಮುಳುಗಿದ, ಹಕ್ಕಿ ಹಾರಿತು, ಜಾಹೀರಾತು ಬಂತು.

"ಮುಗಿತಾ?"

"ಮುಗೀತ್ ಅಮ್ಮ."

"ಇದ್ರಗೆ ನಮ್ಮ ಯತೀಶ ಎಲ್ಲಿದ್ದ? ಹೆಸ್ರ್ ಹೇಳ್ತ್ರ್ ಅಂದಿದ್ರಲೆ?"

ಹೆಸರು ಹೇಳಲು ನಿಯಮದಲ್ಲಿ ತೊಂದರೆ ಇತ್ತು, ಆದರೆ ಹಾಡು ಅವರಿಗೇ ಅರ್ಪಿಸಿದ್ದು ಎಂದು ತಿಳಿಸಿ ಹೇಳಿದೆ. ಅವರು ತಲೆಯಾಡಿಸಿದರು. ಅರ್ಥವಾಯಿತೋ ಇಲ್ಲವೋ. ಆಮೇಲೆ ಎಲೆಯ ಮೇಲೆ ಕೂತ ನೊಣ ಓಡಿಸುತ್ತ ಹೇಳಿದರು:

"ಕುಸುಮ ಹೋಯ್ತ್ ಹೆಣ್ಣೇ. ಮಗಿನ್ ಕರ್ಕಂಡ್ ಆಯ್ತ್ವಾರದ ರೈಲಿಗ್. ರತ್ನಾಗಿರಿಯಗೆ ಸಿಗ್ಡಿ ಕಂಪ್ನಿ ಇತ್ತಂಬ್ರಲೆ. ಅಲ್ಲಿ ಅದ್ರ್ ಗುರ್ತ ಯಾರಿಗೂ ಇಲ್ಲೆ, ಅದ್ಕೇ ಹೋದ್ದ್. ವಿಳಾಸ ಯಾರಿಗೂ ಕೊಡ್ಬೇಡಿ ಅಂದಿತ್ತ್."

"ನಂಗೂ ಬೇಡ ಅಂದಿತ್ತಾ?"

ಬೆಳ್ಳಿಯಮ್ಮ ಬಿಸ್ಕೀಟಿನ ಪೊಟ್ಟಣವನ್ನು ನನ್ನ ಚೀಲಕ್ಕೇ ತಿರುಗಿ ಹಾಕಿದರು.

ಬಸ್ಸಿಗೆ ಕಾಯದೆ ನಡೆದು ಬಂದೆ. ಇಷ್ಟು ದೊಡ್ಡ ನಿರ್ಧಾರ ಮಾಡುವಾಗ ನನಗೊಂದು ಮಾತು ಹೇಳಬಹುದಿತ್ತು. ಇವತ್ತು ಹಾಡು ಬರುತ್ತದೆಂದು ಗೊತ್ತಿದ್ದೂ ಹೋದಳು. ಒಂದೇ ಬೆಂಚಿನಲ್ಲಿ ಕೂತವರು ನಾವು. ಅಂಥದ್ದು ನಾನೇನು ಮಾಡಿದ್ದೆ ಅವಳಿಗೆ?